“ಬೀಗದ ಕೈ ಎಲ್ಲಿದೆ ಅಕ್ಕಾ?”: ಒಂದು ಸಭೆ ತನ್ನ ಸೇವೆಯನ್ನು ಹಂಚಿಕೊಂಡ ಪ್ರಕರಣ

ಇದು ನಾನು ಹತ್ತಿರದಿಂದ ನೋಡಿದ ಪ್ರಕರಣ. ಇದರಲ್ಲಿ ಆದ ತಪ್ಪುಗಳಲ್ಲಿ ನನ್ನವೂ ಇವೆ. ಊರು, ಪಂಗಡ, ಹೆಸರು ಯಾವುದನ್ನೂ ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮುಖ್ಯವಾಗಿ ಬರುವ ವ್ಯಕ್ತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಸಭೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಇಲ್ಲೂ ಹಾಗೇ ಇರಲಿ.

ಸುಮಾರು 70 ಕುಟುಂಬಗಳ ಕ್ರೈಸ್ತ ಸಭೆ. ಸಭಾಪಾಲಕರು ಒಬ್ಬರೇ (ನಾವು ಅವರನ್ನು ಅಯ್ಯನವರು ಎನ್ನುತ್ತೇವೆ), ಅವರಿಗೆ ಇನ್ನೊಂದು ಸಭೆಯ ಹೊಣೆಯೂ ಇತ್ತು. ಅವರು ಇಲ್ಲದ ದಿನಗಳಲ್ಲಿ ಎಲ್ಲ ನಡೆಯುತ್ತಿದ್ದದ್ದು ಅಕ್ಕನಿಂದ. ಅಕ್ಕನಿಗೆ ಆಗ 61 ವರ್ಷ. ಸಂಡೇ ಸ್ಕೂಲ್ ನೋಡಿಕೊಳ್ಳಲು ಶುರು ಮಾಡಿ 22 ವರ್ಷ ಆಗಿತ್ತು. ಬೀಗದ ಕೈ ಅವರ ಬಳಿ. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಮೇಜು ಸಿದ್ಧ ಮಾಡುವುದು, ಬಟ್ಟಲು ತೊಳೆದು ಒರೆಸಿ ಇಡುವುದು ಅವರು. ಆರಾಧನೆಯಲ್ಲಿ ಬೈಬಲ್ ವಾಕ್ಯ ಯಾರು ಓದಬೇಕು ಎಂದು ಶನಿವಾರ ಫೋನ್ ಮಾಡುವುದು, ಖಾಯಿಲೆಯವರ ಪಟ್ಟಿ ಇಟ್ಟುಕೊಳ್ಳುವುದು, ಸ್ತ್ರೀಯರ ಕೂಟ ನಡೆಸುವುದು, ಎಲ್ಲವೂ ಅವರೇ. ಯಾರೂ ಹೊರಿಸಿದ್ದಲ್ಲ. ಒಂದೊಂದಾಗಿ ಬಂದು ಸೇರಿದ್ದು. ಯಾರಾದರೂ ಊರು ಬಿಟ್ಟು ಹೋದಾಗ, ಯಾರಾದರೂ ಮುನಿಸಿಕೊಂಡಾಗ, ಅವರು ಬಿಟ್ಟ ಕೆಲಸ ಅಕ್ಕನ ಕೈಗೆ ಬರುತ್ತಿತ್ತು. ನಾವು “ಅಕ್ಕ ಇದ್ದಾರಲ್ಲ” ಎನ್ನುತ್ತಿದ್ದೆವು. ಅದನ್ನು ಹೊಗಳಿಕೆ ಅಂದುಕೊಂಡೇ ಹೇಳುತ್ತಿದ್ದೆವು.

ಒಂದು ಭಾನುವಾರ ಅಕ್ಕ ಬರಲಿಲ್ಲ. ಅವರ ಯಜಮಾನರಿಗೆ ಹಿಂದಿನ ರಾತ್ರಿಯಿಂದ ಜೋರು ಜ್ವರ. ಆರಾಧನೆ 9 ಗಂಟೆಗೆ, ಆದರೆ 9.40 ಆದರೂ ಚರ್ಚ್ ಬಾಗಿಲು ತೆರೆದಿರಲಿಲ್ಲ. ಜನ ಹೊರಗೆ ನಿಂತಿದ್ದರು. ಯಾರೋ ಹೋಗಿ ಅಕ್ಕನ ಮನೆಯಿಂದ ಬೀಗದ ಕೈ ತಂದರು. ಒಳಗೆ ಹೋದರೆ ಮೇಜು ಸಿದ್ಧವಿಲ್ಲ, ಬಟ್ಟಲು ಯಾವ ಬೀರುವಿನಲ್ಲಿದೆ ಗೊತ್ತಿಲ್ಲ, ಮಕ್ಕಳನ್ನು ಕೂರಿಸುವವರಿಲ್ಲ. ಆವತ್ತು ಬೆಳಿಗ್ಗೆ ಅಕ್ಕನ ಫೋನಿಗೆ 14 ಕರೆಗಳು ಹೋಗಿದ್ದವು. ಅದರಲ್ಲಿ 3 ನನ್ನವು.

ಮಂಗಳವಾರ ನಾನು ಮತ್ತು ಅಯ್ಯನವರು ಅವರ ಮನೆಗೆ ಹೋದೆವು. ಅಕ್ಕ ಕೋಪ ಮಾಡಿಕೊಳ್ಳಲಿಲ್ಲ, ಮೆಲ್ಲಗೆ ಹೇಳಿದರು: “14 ಸಲ ಫೋನ್ ಬಂತು ಅಯ್ಯನವರೇ. ಬೀಗದ ಕೈ ಎಲ್ಲಿ, ಬಟ್ಟಲು ಎಲ್ಲಿ ಅಂತ ಕೇಳಿದರು. ಇವರ ಜ್ವರ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.” ಆಮೇಲೆ ಅತ್ತರು. ಎರಡು ವಾರದ ಹಿಂದೆ ಒಂದು ಮಗುವಿನ ಮೇಲೆ ಸುಮ್ಮಸುಮ್ಮನೆ ರೇಗಿದ್ದನ್ನೂ ಅವರೇ ಹೇಳಿದರು. ತನಗೇನಾಗುತ್ತಿದೆ ಎಂದು ಅವರಿಗೇ ಭಯವಾಗಿತ್ತು.

ನಾನು ಆವತ್ತು ಹೇಳಿದ್ದು, “ಪ್ರಾರ್ಥನೆ ಮಾಡೋಣ ಅಕ್ಕ, ಕರ್ತನು ಬಲ ಕೊಡುತ್ತಾನೆ.” ತಪ್ಪು ಮಾತಲ್ಲ. ಆದರೆ ಆ ಹೊತ್ತಿಗೆ ಅದು ಸಾಲದ ಮಾತು. ಬೈಬಲಿನಲ್ಲಿ ಪ್ರವಾದಿ ಎಲೀಯನು ಸಾಕಾಯಿತು ಎಂದು ಜಾಲಿ ಗಿಡದ ಕೆಳಗೆ ಮಲಗಿದಾಗ ದೇವರು ಮೊದಲು ಕೊಟ್ಟದ್ದು ನಿದ್ದೆ ಮತ್ತು ಊಟ, ಅದೂ ಎರಡು ಸಲ. ಕೆಲಸದ ಮಾತು ಬಂದದ್ದು ಆಮೇಲೆ. ಬಂದಾಗಲೂ, ನಿನ್ನ ಬದಲಿಗೆ ಎಲೀಷನನ್ನು ಅಭಿಷೇಕಿಸು, ನೀನು ಒಬ್ಬನೇ ಅಲ್ಲ, ಇನ್ನೂ 7000 ಜನ ಇದ್ದಾರೆ ಎಂದು ಹೇಳಿದನು. ನಾವು ಅಕ್ಕನಿಗೆ ಇದ್ಯಾವುದನ್ನೂ ಕೊಟ್ಟಿರಲಿಲ್ಲ.

ಮೊದಲ ಪ್ರಯತ್ನ, ಎರಡನೇ ಪ್ರಯತ್ನ

ಮೊದಲು ಮಾಡಿದ್ದು ಎಲ್ಲ ಸಭೆಗಳೂ ಮಾಡುವುದೇ. ಪ್ರಕಟಣೆ ಕೊಟ್ಟೆವು. ಮೂರು ಭಾನುವಾರ “ಸೇವೆ ಮಾಡಲು ಮನಸ್ಸುಳ್ಳವರು ಹೆಸರು ಬರೆಸಿ” ಎಂದು ಹೇಳಿ, ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟೆವು. ಅಯ್ಯನವರು ಬೈಬಲಿನ 1 ಕೊರಿಂಥ 12ನೇ ಅಧ್ಯಾಯದ ಮೇಲೆ, ಒಂದೇ ದೇಹ, ಅನೇಕ ಅಂಗಗಳು ಎಂದು ಮನಮುಟ್ಟುವ ಹಾಗೆ ಪ್ರಸಂಗ ಮಾಡಿದರು. ಪುಸ್ತಕದಲ್ಲಿ ಬಂದ ಹೆಸರು ಎರಡು. ಇಬ್ಬರೂ ಆಗಲೇ ಮೂರು ಮೂರು ಕೆಲಸ ಮಾಡುತ್ತಿದ್ದವರು. ಜನ ಸೋಮಾರಿಗಳಾಗಿದ್ದಾರೆ ಎಂದು ನಾನು ಸಮಿತಿಯಲ್ಲಿ ಕಟುವಾಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅದೇ ಸಿಟ್ಟಿನಲ್ಲಿ ಎರಡನೇ ತೀರ್ಮಾನ ತೆಗೆದುಕೊಂಡೆವು. ಈ ಇಡೀ ಪ್ರಕರಣದಲ್ಲಿ ನನಗೆ ಇವತ್ತಿಗೂ ನೋವು ಕೊಡುವುದು ಆ ತೀರ್ಮಾನ.

ಯಾರನ್ನೂ ಕೇಳದೆ ಪಟ್ಟಿ ಮಾಡಿದೆವು. ಸದಸ್ಯರ ರಿಜಿಸ್ಟರ್ ತೆರೆದು, ಹೆಸರಿನ ಕ್ರಮದಲ್ಲಿ, ಈ ವಾರ ಈ ಕುಟುಂಬ ಗುಡಿಸುವುದು, ಆ ಕುಟುಂಬ ಕುರ್ಚಿ ಜೋಡಿಸುವುದು, ಇವರು ವಾಕ್ಯ ಓದುವುದು ಎಂದು ಬರೆದು ಬೋರ್ಡಿಗೆ ಅಂಟಿಸಿದೆವು. ಎಲ್ಲರಿಗೂ ಸಮಾನ ಎಂದು ನಮಗೆ ಸಮಾಧಾನ. ಬೆನ್ನು ನೋವಿನ ಒಬ್ಬ ವಿಧವೆಗೆ ಕುರ್ಚಿ ಹೊರುವ ಕೆಲಸ ಬಂತು. ತಿಂಗಳ ಹಿಂದೆ ಸೇರಿದವರಿಗೆ ಕಾಣಿಕೆ ಎಣಿಸುವ ಕೆಲಸ ಬಂತು. ನಾಲ್ಕನೇ ವಾರ ವಾಕ್ಯ ಓದುವ ಸರದಿ ಬಂದ ಒಬ್ಬ ಹಿರಿಯ ಸಹೋದರರಿಗೆ ಓದಲು ಬರುತ್ತಿರಲಿಲ್ಲ. ಅದು ನಮಗೆ ಗೊತ್ತೇ ಇರಲಿಲ್ಲ. ಹತ್ತಾರು ವರ್ಷದಿಂದ ಅವರು ಬೈಬಲ್ ಹಿಡಿದು ಬರುತ್ತಿದ್ದರು. ಆವತ್ತು ಅವರು ಮುಂದೆ ಹೋಗಿ ನಿಂತು, ಪುಸ್ತಕ ತೆರೆದು, ಸುಮ್ಮನೆ ನಿಂತರು. ಯಾರೋ ಎದ್ದು ಹೋಗಿ ಓದಿದರು. ಮುಂದಿನ ವಾರ ಆ ಕುಟುಂಬ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಅಕ್ಕ ಆ ಪಟ್ಟಿ ಮಾಡುವಾಗ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಅದಕ್ಕೇ ಅವರು ಶನಿವಾರ ಫೋನ್ ಮಾಡಿ ಓದುವವರನ್ನು ಆರಿಸುತ್ತಿದ್ದದ್ದು. ಯಾರಿಗೂ ಹೇಳದೆ ಆ ಸಹೋದರರ ಮಾನ ಕಾಪಾಡುತ್ತಿದ್ದರು. ಅಕ್ಕನ ಭಾರ ಇಳಿಸಬೇಕು ಅಂತ ಹೊರಟ ನಾವು ಅಕ್ಕನನ್ನೇ ಕೇಳಿರಲಿಲ್ಲ! ಐದನೇ ವಾರ ಪಟ್ಟಿ ಕಿತ್ತು ಹಾಕಿದೆವು. ನಾನು ಮತ್ತು ಅಯ್ಯನವರು ಆ ಸಹೋದರರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು “ಪರವಾಗಿಲ್ಲ” ಎಂದರು. ಪರವಾಗಿತ್ತು ಅನ್ನುವುದು ಮುಖದಲ್ಲಿ ಕಾಣುತ್ತಿತ್ತು.

43 ಕೆಲಸಗಳು

ತಿರುವು ಸಿಕ್ಕಿದ್ದು ಇಲ್ಲಿಂದ. ಮೂರು ಸಂಜೆ ಅಕ್ಕನ ಜೊತೆ ಕೂತು, ಅವರು ಏನೇನು ಮಾಡುತ್ತಾರೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದೆವು. ಮೊದಲ ಸಂಜೆ ಅವರು ಎಂಟು ಹೇಳಿ “ಇಷ್ಟೇ” ಎಂದರು. ಭಾನುವಾರ ಬೆಳಿಗ್ಗೆ ಎದ್ದಾಗಿನಿಂದ ಒಂದೊಂದೇ ಹೇಳಿ ಅಕ್ಕ ಅಂತ ಕೇಳಿದ ಮೇಲೆ ಪಟ್ಟಿ ಬೆಳೆಯಿತು. ಕೊನೆಗೆ 43 ಆಯಿತು. ಅವರಿಗೇ ಆಶ್ಚರ್ಯ.

ಅದರಲ್ಲಿ ಕೆಲವು ಕೆಲಸ ಅನ್ನುವಂಥವೇ ಅಲ್ಲ, ಬರೀ ತಿಳಿವಳಿಕೆ. ಯಾವ ಅಜ್ಜಿಗೆ ಬಾಗಿಲ ಹತ್ತಿರದ ಜಾಗ ಬೇಕು. ಯಾವ ಮಗುವಿಗೆ ಜೋರು ಚಪ್ಪಾಳೆ ಎಂದರೆ ಭಯ. ಯಾರು ಎರಡು ವಾರದಿಂದ ಬಂದಿಲ್ಲ. ಯಾರ ಮನೆಯಲ್ಲಿ ಕಳೆದ ವರ್ಷ ಇದೇ ತಿಂಗಳು ಸಾವಾಗಿತ್ತು. ಸಮಿತಿಯಲ್ಲಿ 43ನ್ನೂ ಓದಿದಾಗ ಯಾರೂ ಮಾತಾಡಲಿಲ್ಲ.

ಹಂಚುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡೆವು: ಇದರಲ್ಲಿ ಯಾವುದನ್ನು ನಿಲ್ಲಿಸಬಹುದು? 9 ಕೆಲಸಗಳನ್ನು ನಿಲ್ಲಿಸಿದೆವು. ಯಾರೂ ಓದದ ಒಂದು ತಿಂಗಳ ವರದಿ, ಹಿಂದಿನ ಯಾವುದೋ ಕಾಲದಲ್ಲಿ ಶುರುವಾಗಿ ಈಗ ಮೂವರು ಮಾತ್ರ ಬರುವ ಒಂದು ಕೂಟ, ಇಂಥವು. ಒಂದೂ ದೂರು ಬರಲಿಲ್ಲ. ಹಂಚಿಕೊಳ್ಳೋಣ ಎಂದು ಹೊರಡುವ ಸಭೆಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಬೇಡದ ಕೆಲಸವನ್ನು ಹತ್ತು ಜನರಿಗೆ ಹಂಚಿದರೆ ಹತ್ತು ಜನ ದಣಿಯುತ್ತಾರೆ ಅಷ್ಟೇ.

ಆಮೇಲೆ ಮನೆಮನೆಗೆ ಹೋದೆವು. ಇಬ್ಬಿಬ್ಬರಾಗಿ, ಎರಡು ತಿಂಗಳು. ಕೆಲಸ ಕೊಡುವುದಕ್ಕಲ್ಲ, ಕೇಳುವುದಕ್ಕೆ. ನಿಮಗೆ ಯಾವಾಗ ಬಿಡುವು, ಏನು ಮಾಡಲು ಇಷ್ಟ, ಇಷ್ಟು ದಿನ ಯಾಕೆ ಮುಂದೆ ಬರಲಿಲ್ಲ? ಸೋಮಾರಿಗಳು ಎಂದು ನಾನು ಅಂದಿದ್ದೆನಲ್ಲ, ಆ ಮಾತು ಅಲ್ಲಿ ಕರಗಿ ಹೋಯಿತು. “ಅಕ್ಕನ ಕೆಲಸಕ್ಕೆ ಕೈ ಹಾಕಿದರೆ ಅವರಿಗೆ ಬೇಜಾರಾಗಲ್ವಾ?” ಎಂದರು ಒಬ್ಬರು. “ಒಂದು ಸಲ ಹೂಂ ಅಂದರೆ ಸಾಯೋತನಕ ಬಿಡೋಕಾಗಲ್ಲ, ಅಕ್ಕನ್ನ ನೋಡಿದೀವಲ್ಲ” ಎಂದರು ಇನ್ನೊಬ್ಬರು. ಒಬ್ಬ ಸಹೋದರಿ ಕೆಲವು ವರ್ಷದ ಹಿಂದೆ ಈಸ್ಟರಿಗೆ ಹೂವಿನ ಅಲಂಕಾರ ಮಾಡಿದ್ದರಂತೆ. ಅವರು ಮನೆಗೆ ಹೋದ ಮೇಲೆ ಯಾರೋ ಅದನ್ನು ಬಿಚ್ಚಿ ಬೇರೆ ಥರ ಮಾಡಿದ್ದರು. ಆ ಸಹೋದರಿ ಮತ್ತೆ ಯಾವತ್ತೂ ಕೆಲಸ ಕೇಳಿರಲಿಲ್ಲ. ಮತ್ತೆ ಮತ್ತೆ ಕೇಳಿಬಂದ ಉತ್ತರ ಮಾತ್ರ ಒಂದೇ: “ನಮ್ಮನ್ನ ಯಾರೂ ಕೇಳಲೇ ಇಲ್ಲ.” ಪ್ರಕಟಣೆಯನ್ನು ಅವರು ತಮ್ಮನ್ನು ಕೇಳಿದ ಹಾಗೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದ ಹಾಗಲ್ಲ.

ಈ ಮಾತುಗಳಿಂದಲೇ ನಮ್ಮ ಕ್ರಮ ಹುಟ್ಟಿತು. ಯಾವ ಕೆಲಸವೂ ಒಬ್ಬರಿಗಿಲ್ಲ, ಇಬ್ಬರಿಗೆ. ಮೂರು ತಿಂಗಳು ಮಾತ್ರ. ಮೂರು ತಿಂಗಳಾದ ಮೇಲೆ ನಾವೇ ಹೋಗಿ “ಸಾಕಾ, ಮುಂದುವರಿಸುತ್ತೀರಾ” ಎಂದು ಕೇಳಬೇಕು, ಬಿಡಲು ಅವರು ಕಾರಣ ಹೇಳಬೇಕಾಗಿಲ್ಲ. ಮಾಡಿದ ಕೆಲಸವನ್ನು ಇನ್ನೊಬ್ಬರು ಬಿಚ್ಚಿ ಮಾಡಬಾರದು.

ಒಬ್ಬ ಹಿರಿಯರು ಒಪ್ಪಲಿಲ್ಲ. “ಸರದಿ ಹಾಕೋದು ಆಫೀಸಿನ ಪದ್ಧತಿ. ಸಭೆಯಲ್ಲಿ ಆತ್ಮನು ಪ್ರೇರೇಪಿಸಿದವರು ಮಾಡಬೇಕು” ಎಂದರು. ಗೌರವಿಸಬೇಕಾದ ಮಾತು, ಅವರು ಪ್ರಾರ್ಥನೆಯ ಮನುಷ್ಯ. ಅಯ್ಯನವರು ಅವರ ಜೊತೆ ಕೂತು 1 ಪೂರ್ವಕಾಲವೃತ್ತಾಂತ 24 ಮತ್ತು 25 ಓದಿದರು. ದೇವಾಲಯದ ಯಾಜಕರು 24 ವರ್ಗ, ಹಾಡುವವರು 24 ವರ್ಗ. ಚಿಕ್ಕವರು ದೊಡ್ಡವರು, ಗುರು ಶಿಷ್ಯ ಎನ್ನದೆ ಚೀಟು ಹಾಕಿ ಸರದಿ. ಎಂಟನೇ ವರ್ಗ ಅಬೀಯನದು. ಸ್ನಾನಿಕ ಯೋಹಾನನ ತಂದೆ ಜಕರೀಯ ಅದೇ ವರ್ಗದವನು ಎಂದು ಲೂಕ 1 ಹೇಳುತ್ತದೆ. ದೇವದೂತನು ಅವನಿಗೆ ಕಾಣಿಸಿಕೊಂಡದ್ದು ಅವನ ವರ್ಗದ ಸರದಿ ಬಂದಾಗ, ಧೂಪ ಹಾಕುವ ಹೊತ್ತಿನಲ್ಲಿ. ಹಿರಿಯರು ತುಂಬಾ ಹೊತ್ತು ಆ ಪುಟ ನೋಡುತ್ತಾ ಕೂತರಂತೆ. ಮುಂದಿನ ವಾರ ಅವರೇ ಒಂದು ಸರದಿ ಕೇಳಿದರು.

ನನಗೆ ಹೆಚ್ಚು ಕಲಿಸಿದ್ದು ಅಪೊಸ್ತಲರ ಕೃತ್ಯಗಳು 6. ದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ಗೊಣಗಾಟ ಬಂದಾಗ ಯೆರೂಸಲೇಮಿನ ಮೊದಲ ಸಭೆ 7 ಜನರನ್ನು ಆರಿಸಿತು. ಏಳೂ ಹೆಸರು ಗ್ರೀಕ್ ಹೆಸರು. ನೋವು ಎಲ್ಲಿತ್ತೋ ಆ ಕಡೆಯವರ ಕೈಗೇ ಹೊಣೆ ಹೋಯಿತು ಎಂದು ನಾನು ಓದಿಕೊಳ್ಳುತ್ತೇನೆ. ಹಾಗೇ ನಾವು ಅಲಂಕಾರದ ಸಹೋದರಿಯ ಬಳಿ ಮೊದಲು ಹೋದೆವು. ಅವರು ಒಪ್ಪಿದರು, ಆದರೆ “ಬದಲಾಯಿಸಬೇಕು ಅಂದರೆ ನನಗೇ ಹೇಳಿ” ಎಂದು ಎರಡು ಸಲ ಹೇಳಿದರು. ವಾಕ್ಯ ಓದಲಾಗದೆ ನಿಂತ ಸಹೋದರರು ತುಂಬಾ ತಿಂಗಳು ಬರಲಿಲ್ಲ. ಅವರ ಹೆಂಡತಿ ಮಾತ್ರ ಬರತೊಡಗಿದರು. ಈಗ ಅವರೂ ಬರುತ್ತಾರೆ. ಯಾವ ಕೆಲಸವನ್ನೂ ತೆಗೆದುಕೊಂಡಿಲ್ಲ. ನಾವು ಕೇಳುವುದೂ ಇಲ್ಲ. ಬಂದು ಕೂರುತ್ತಾರಲ್ಲ, ಅಷ್ಟು ಸಾಕು.

ಎರಡು ಕೆಲಸಗಳಲ್ಲಿ ಜಾಸ್ತಿ ಎಚ್ಚರ ವಹಿಸಿದೆವು. ಮಕ್ಕಳ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು, ಸಭೆಗೆ ಹೊಸದಾಗಿ ಬಂದವರಿಗೆ ಆರು ತಿಂಗಳವರೆಗೆ ಆ ಕೆಲಸವಿಲ್ಲ, ಆಮೇಲೂ ವಿಚಾರಿಸಿಯೇ. ಇಷ್ಟು ವರ್ಷ ಅಕ್ಕ ಒಬ್ಬರೇ ಇದ್ದರು, ಏನೂ ಆಗಲಿಲ್ಲ ನಿಜ. ಆದರೆ ಒಬ್ಬರ ಮೇಲಿನ ನಂಬಿಕೆಯೇ ಮಕ್ಕಳಿಗೆ ರಕ್ಷಣೆ ಆಗುವುದಿಲ್ಲ. ಕಾಣಿಕೆಯನ್ನು ಇಬ್ಬರು, ಅದೂ ಒಂದೇ ಕುಟುಂಬದವರಲ್ಲದ ಇಬ್ಬರು, ಅಲ್ಲೇ ಎಣಿಸಿ ಸಹಿ ಹಾಕಬೇಕು. ಅಲ್ಲಿವರೆಗೆ ಒಬ್ಬರೇ ಎಣಿಸುತ್ತಿದ್ದ ಖಜಾಂಚಿಗೆ ತುಂಬಾ ಬೇಜಾರಾಯಿತು. “ನನ್ನ ಮೇಲೆ ಸಂಶಯವಾ ಬ್ರದರ್?” ಎಂದರು. ಸಂಶಯ ಇರಲಿಲ್ಲ. ಅಪೊಸ್ತಲ ಪೌಲನು ಸಭೆಗಳ ಕಾಣಿಕೆಯನ್ನು ಒಯ್ಯುವಾಗ ಯಾರೂ ತಪ್ಪು ಹೊರಿಸಬಾರದೆಂದು ಬೇರೆಯವರನ್ನೂ ಜೊತೆಗೆ ಸೇರಿಸಿಕೊಂಡ ಮಾತು 2 ಕೊರಿಂಥ 8ರಲ್ಲಿದೆ, ಅದನ್ನೇ ತೋರಿಸಿದೆವು. ಎರಡು ತಿಂಗಳು ಅವರು ಸರಿಯಾಗಿ ಮಾತಾಡಲಿಲ್ಲ. ಈಗ ಒಬ್ಬರೇ ಎಣಿಸುವುದಕ್ಕೆ ಅವರೇ ಬಿಡುವುದಿಲ್ಲ.

ಮೇಜಿನ ಮೇಲೆ ರೊಟ್ಟಿ ಇಲ್ಲದ ಭಾನುವಾರ

ಎರಡನೇ ತಿಂಗಳಲ್ಲಿ ಕರ್ತನ ಭೋಜನದ ಹಿಂದಿನ ಸಂಜೆ ಅಕ್ಕ ನನಗೆ ಫೋನ್ ಮಾಡಿದರು. “ರೊಟ್ಟಿ ಬಂದಿಲ್ಲ. ಆ ಇಬ್ಬರು ಮರೆತಿದ್ದಾರೆ. ನಾನು ಇಟ್ಟುಬಿಡಲಾ?” ನಾನು ಬೇಡ ಎಂದೆ. ನೀವು ಮಾಡಿದರೆ ಅವರು ಯಾವತ್ತೂ ಕಲಿಯುವುದಿಲ್ಲ ಅಕ್ಕ, ಬಿಡಿ ಎಂದೆ. ಭಾನುವಾರ ಅಯ್ಯನವರು ಬಟ್ಟೆ ಸರಿಸಿದರು, ತಟ್ಟೆ ಖಾಲಿ. ಇನ್ನೊಂದು ಕೀರ್ತನೆ ಹಾಡಿದೆವು, ಮತ್ತೊಂದು ಹಾಡಿದೆವು, ಅಷ್ಟರಲ್ಲಿ ಒಬ್ಬ ಯುವಕ ಓಡಿ ಹೋಗಿ ತಂದ. ಆ ಇಬ್ಬರು ಆಮೇಲೆ ಮರೆತಿಲ್ಲ, ತಮ್ಮದೇ ಒಂದು ಚೀಟಿ ಬರೆದು ಬೀರುವಿನ ಒಳಗೆ ಅಂಟಿಸಿಕೊಂಡಿದ್ದಾರೆ. ಆದರೆ ಅಕ್ಕ ಆವತ್ತು ಆರಾಧನೆ ಮುಗಿದ ಮೇಲೆ ಒಬ್ಬರೇ ಕೂತು ಅತ್ತರು. ಕರ್ತನ ಮೇಜಿಗೆ ಅಗೌರವ ಆಯ್ತು ಎಂದು.

ಫಲ ಸಿಕ್ಕಿತು ಎಂದು ಕೆಲವರು ನನ್ನ ತೀರ್ಮಾನವನ್ನು ಮೆಚ್ಚಿದರು. ನಾನು ಈಗ ಹಾಗೆ ಮಾಡುವುದಿಲ್ಲ. ತಪ್ಪಾಗಲು ಬಿಡಬೇಕು, ನಿಜ. ಕುರ್ಚಿ ವಕ್ರವಾಗಿರಲಿ, ಹಾಡಿನ ಸಂಖ್ಯೆ ತಪ್ಪಾಗಲಿ. ಎಲ್ಲರಿಗೂ ಪವಿತ್ರವಾದ ಒಂದು ಗಳಿಗೆಯನ್ನು ಇಬ್ಬರಿಗೆ ಪಾಠ ಕಲಿಸಲು ಬಳಸಬಾರದಿತ್ತು. ಶನಿವಾರ ಸಂಜೆ ಆ ಇಬ್ಬರಿಗೆ ನಾನು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅಕ್ಕನೂ ಮಾಡಬೇಕಾಗಿರಲಿಲ್ಲ, ಮೇಜೂ ಖಾಲಿ ಇರುತ್ತಿರಲಿಲ್ಲ.

ಅಕ್ಕ ಎಲ್ಲಿ ಹೋಗಬೇಕು?

ನಾಲ್ಕು ತಿಂಗಳು ಕಳೆದಾಗ ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಬೀಗದ ಕೈ ಮೂರು ಜೊತೆ ಮಾಡಿಸಿದ್ದೆವು. ಸಮಿತಿಯಲ್ಲಿ ಎಲ್ಲರಿಗೂ ಖುಷಿ. ಅಕ್ಕ ಮಾತ್ರ ತಡವಾಗಿ ಬರತೊಡಗಿದರು, ಕೊನೆಯ ಸಾಲಿನಲ್ಲಿ ಕೂತು ಬೇಗ ಹೋಗತೊಡಗಿದರು. ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಅಂದುಕೊಂಡೆವು. ಅಯ್ಯನವರ ಹೆಂಡತಿಗೆ ಅವರು ಹೇಳಿದ್ದು ಬೇರೆ: “ಈಗ ನಾನು ಯಾರಿಗೂ ಬೇಡ.”

43 ಕೆಲಸಗಳು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದ್ದೆವು. ಅವುಗಳನ್ನು ಬಿಟ್ಟುಕೊಟ್ಟವರು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿರಲಿಲ್ಲ. ಕೆಲಸ ತೆಗೆದುಕೊಳ್ಳುವವರ ಮನೆಗೆ ಎರಡು ತಿಂಗಳು ಓಡಾಡಿದೆವು, ಅಕ್ಕನ ಮನೆಗೆ ಆ ಮಂಗಳವಾರ ಮತ್ತು ಆ ಮೂರು ಸಂಜೆ ಬಿಟ್ಟರೆ ಹೋಗಿರಲಿಲ್ಲ. ಬೈಬಲಿನ ಅರಣ್ಯಕಾಂಡ 8ರ ಕೊನೆಯಲ್ಲಿ, ದೇವರ ಗುಡಾರದ ಸೇವೆಗೆ ಮೀಸಲಾದ ಲೇವಿಯರ ವಿಷಯ ಬರುತ್ತದೆ. 25ನೇ ವಯಸ್ಸಿಗೆ ಗುಡಾರದ ಸೇವೆಗೆ ಸೇರಬೇಕು, 50ಕ್ಕೆ ಆ ಕೆಲಸ ನಿಲ್ಲಿಸಬೇಕು, ಆದರೆ ಆಮೇಲೂ ತಮ್ಮ ಸಹೋದರರಿಗೆ ನೆರವಾಗಬಹುದು. ಭಾರ ಇಳಿಯಿತು, ಜಾಗ ಉಳಿಯಿತು. ಎಷ್ಟೋ ಸಲ ಓದಿದ ಭಾಗ. ಅಕ್ಕನ ಮಾತು ಕೇಳಿದ ಮೇಲೆ ಅದು ನನಗೆ ಅರ್ಥವಾಯಿತು.

ಮತ್ತೆ ಆ ನೋಟ್‌ಬುಕ್ ತೆಗೆದುಕೊಂಡು ಅವರ ಮನೆಗೆ ಹೋದೆವು. “ಇದರಲ್ಲಿ ನಿಮಗೆ ಯಾವುದು ಬೇಕು ಅಕ್ಕ? ನಮಗೆ ಬೇಕಾದ್ದಲ್ಲ, ನಿಮಗೆ ಇಷ್ಟವಾದದ್ದು.” ಸಂಡೇ ಸ್ಕೂಲ್ ಎನ್ನುತ್ತಾರೆ ಅಂತ ನಮಗೆಲ್ಲ ಖಾತ್ರಿ ಇತ್ತು. ಅವರ 22 ವರ್ಷ ಅಲ್ವಾ. ಅಕ್ಕ ತುಂಬಾ ಹೊತ್ತು ಪುಟ ತಿರುವಿದರು. ಆಮೇಲೆ, “ಮನೆಯಿಂದ ಹೊರಗೆ ಬರೋಕಾಗದ ವಯಸ್ಸಾದವರನ್ನ ನೋಡೋಕೆ ಹೋಗ್ತೀನಲ್ಲ, ಅದೊಂದು ಕೊಡಿ. ಸಂಡೇ ಸ್ಕೂಲ್ ಬೇಡ. ಆರು ವರ್ಷದಿಂದ ನನಗೆ ಅದು ಸಾಕಾಗಿತ್ತು. ಕೊಡೋಕೆ ಯಾರೂ ಇರಲಿಲ್ಲ” ಎಂದರು. ಆರು ವರ್ಷ! ಪ್ರತಿ ವರ್ಷ ಸಂಡೇ ಸ್ಕೂಲ್ ವಾರ್ಷಿಕೋತ್ಸವದಲ್ಲಿ ನಾವು ಅವರಿಗೆ ಶಾಲು ಹೊದಿಸಿ, ಇನ್ನೂ ಅನೇಕ ವರ್ಷ ಈ ಸೇವೆ ಮುಂದುವರಿಯಲಿ ಎಂದು ಪ್ರಾರ್ಥಿಸುತ್ತಿದ್ದೆವು.

ಈಗ ಅಕ್ಕ ವಾರಕ್ಕೆ ಎರಡು ಮನೆಗೆ ಹೋಗುತ್ತಾರೆ. ಜೊತೆಗೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ. ಯಾವ ಅಜ್ಜಿಗೆ ಯಾವ ಕೀರ್ತನೆ ಇಷ್ಟ, ಯಾರ ಕಿವಿ ಯಾವ ಕಡೆ ಕೇಳಿಸುತ್ತದೆ, ಇಂಥದ್ದೆಲ್ಲ ಆ ಹುಡುಗಿಗೆ ಬರುತ್ತಿದೆ.

ಆಗದೇ ಉಳಿದದ್ದೂ ಇದೆ. ಶೌಚಾಲಯ ತೊಳೆಯುವ ಕೆಲಸಕ್ಕೆ ಮೂರು ತಿಂಗಳ ಮೇಲೆ ಯಾರೂ ಮುಂದುವರಿಯಲಿಲ್ಲ. ಈಗ ಸಮಿತಿಯವರೇ ಸರದಿಯಲ್ಲಿ ತೊಳೆಯುತ್ತೇವೆ, ಅಯ್ಯನವರ ಸರದಿಯೂ ಇದೆ. ಅದು ಹಾಗೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಪಟ್ಟಿ ಮಾಡುವವರ ಹೆಸರು ಪಟ್ಟಿಯ ಅತಿ ಕಷ್ಟದ ಸಾಲಿನಲ್ಲಿ ಕಂಡರೆ ಬೇರೆಯವರನ್ನು ಕೇಳುವಾಗ ನಮ್ಮ ಬಾಯಿ ಕಟ್ಟುವುದಿಲ್ಲ.

ನನಗೆ ಈಗ ಚಿಂತೆ ಇರುವುದು ಒಬ್ಬ ಯುವಕನ ಬಗ್ಗೆ. ಆವತ್ತು ರೊಟ್ಟಿಗೆ ಓಡಿದವನು ಅವನೇ. ಸೌಂಡ್ ಸಿಸ್ಟಮ್ ಅವನದು, ಒಂದು ಜೊತೆ ಬೀಗದ ಕೈ ಅವನದು, ಯೌವನಸ್ಥರ ಕೂಟ ಅವನದು, ಯಾರಾದರೂ ಬರಲಿಲ್ಲ ಎಂದರೆ ಅವರ ಸರದಿಯೂ ಅವನದೇ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೆಲಸ ಬೇಡ ಎಂದು ಸಮಿತಿಯಲ್ಲಿ ತೀರ್ಮಾನ ಮಾಡಿದೆವು. ಅವನಿಗೆ ಹೇಳಿದರೆ, “ಪರವಾಗಿಲ್ಲ ಅಂಕಲ್, ನನಗೇನೂ ಕಷ್ಟ ಇಲ್ಲ” ಎಂದು ನಕ್ಕ. ಜನ ಆಗಲೇ “ಅವನಿದ್ದಾನಲ್ಲ” ಎನ್ನತೊಡಗಿದ್ದಾರೆ.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಅಕ್ಕ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಚೀಲದಿಂದ ಆ ಹಳೆಯ ನೋಟ್‌ಬುಕ್ ತೆಗೆದು, ಖಾಲಿ ಪುಟ ತೆರೆದು, ಪೆನ್ನು ಅವನ ಕೈಗೆ ಕೊಟ್ಟರು. “ಬೆಳಿಗ್ಗೆ ಎದ್ದಾಗಿನಿಂದ ಬರಿ ನೋಡೋಣ” ಎಂದರು. ಅವನು ಹನ್ನೊಂದು ಬರೆದು ಪೆನ್ನು ಕೆಳಗಿಟ್ಟ.

“ಇಷ್ಟೇನಾ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಇನ್ನೂ ಇದೆ ಅಕ್ಕ” ಎಂದು ಪುಟ ತಿರುವಿದ.